ಕಾಚಿಗುಡದಿಂದ ಗಂಡಿಪೇಟೆಗೆ: ಒಂದು ಫಿಯೆಟ್ ಕಾರಿನ ಭಾನುವಾರ



ನಮ್ಮ ಕನ್ನಡ ಅವಧಿಗೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ಆದರೆ ಕಳೆದ ಮಾಗಿಯಲ್ಲಿ ಕಾಚಿಗುಡದಿಂದ ಒಂದು ಪೋಸ್ಟ್ ಕಾರ್ಡ್ ಬಂತು. ಅದರಲ್ಲಿ ಕೋರಿಕೆ ಇರಲಿಲ್ಲ, ಆಹ್ವಾನ ಇತ್ತು. ‘ಈ ಭಾನುವಾರ ಗಂಡಿಪೇಟೆ ಕಡೆ ಹಳೆ ಕಾರುಗಳ ಪ್ರದರ್ಶನ ಅದ. ನಮ್ಮ ಫಿಯೆಟ್ ಹೊಂಟದ. ಹಿಂದಿನ ಸೀಟು ಖಾಲಿ ಅದ. ಬರ್ತೀರೇನು?’ ಕೆಳಗೆ ಸಹಿ, ವಿಳಾಸ. ನಾನು ರಾಯಚೂರಿನವಳು. ಈ ‘ಅದ’, ‘ಹೊಂಟದ’ ಕಂಡರೆ ಸಾಕು, ತವರಿನಿಂದ ಕರೆ ಬಂದಂತಾಗುತ್ತದೆ. ಹೋಗದೆ ಇರುವುದು ಹೇಗೆ ಹೇಳಿ?

ಪತ್ರ ಬರೆದವರು ಬೀದರ ಕಡೆಯ ಹಿರಿಯರು. ವಯಸ್ಸು 78. ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ, ಇಲ್ಲಿಯೂ ಹಾಗೇ ಕರೆಯುವೆ. ಅವರ ತಂದೆ ಬೀದರಿನಲ್ಲಿ ವೈದ್ಯರಾಗಿದ್ದರು. ವರ್ಷಗಟ್ಟಲೆ ಕಾದು 1969ರಲ್ಲಿ ಮನೆಗೆ ತಂದ ಕಾರಿದು, ಫಿಯೆಟ್ 1100 ಡಿಲೈಟ್. ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿ ಬಂದ ಕಾರು. ಮಳೆಗಾಲದ ಎರೆ ಮಣ್ಣಿನಲ್ಲಿ ಹೂತು ಎತ್ತುಗಳಿಂದ ಎಳೆಸಿಕೊಂಡ ಕಾರು. 1981ರಲ್ಲಿ ಕಾಕಾ ನೌಕರಿಯ ಮೇಲೆ ಹೈದರಾಬಾದಿಗೆ ಬಂದಾಗ ಅದೂ ಬಂತು.

ಈ ಕಾರಿನ ನಂಬರಿನದೇ ಒಂದು ಇತಿಹಾಸ. ಮೊದಲು ಇದ್ದದ್ದು ‘ಎಂವೈ’ ಎಂದು ಶುರುವಾಗುವ ಫಲಕ, ಅಂದರೆ ಮೈಸೂರು ರಾಜ್ಯ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಕಾರು ಗಡಿ ದಾಟಿದಾಗ ಆಂಧ್ರಪ್ರದೇಶದ ‘ಎಪಿ’ ಫಲಕ ಬಂತು. 2014ರ ಜೂನ್ 2ರಂದು ಹೈದರಾಬಾದು ತೆಲಂಗಾಣದ ರಾಜಧಾನಿಯಾಯಿತು. ಹೊಸ ಗಾಡಿಗಳಿಗೆ ‘ಟಿಎಸ್’ ಬಂತು, 2024ರಲ್ಲಿ ಅದೂ ಹೋಗಿ ‘ಟಿಜಿ’ ಬಂತು. ಕಾಕಾನ ಕಾರು ಮಾತ್ರ ಎಪಿಯಲ್ಲೇ ನಿಂತಿದೆ. ಹಳೆಯ ಎಂವೈ ಫಲಕವನ್ನು ಡಿಕ್ಕಿಯಲ್ಲಿ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದಾರೆ. ‘ಬಿಸಾಕ್ಲಿಕ್ಕೆ ಮನಸ್ಸು ಬರೋದಿಲ್ಲ ತಂಗಿ’ ಎಂದರು.

ಚೋಕ್ ಎಳೆದು ಹೊರಟೆವು

ಬೆಳಿಗ್ಗೆ ಆರೂವರೆಗೆ ಮನೆ ಮುಂದೆ ಇದ್ದೆ. ಕಾಕಾ ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹೊಯ್ಯುತ್ತಿದ್ದರು. ಕಾಕು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಡಬ್ಬಿ ಕಟ್ಟಿದ್ದರು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಟ್ರಾನ್ಸಿಸ್ಟರ್. ಅದರಲ್ಲಿಯೇ ಅವರು ನಮ್ಮ ಕಾರ್ಯಕ್ರಮ ಕೇಳುವುದಂತೆ!

ಚೋಕ್ ಎಳೆದು ಸ್ವಿಚ್ ತಿರುಗಿಸಿದರು. ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಎಂಜಿನ್ ಎದ್ದಿತು. 1,089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಗೇರು ನೆಲದಲ್ಲಿ ಇಲ್ಲ, ಸ್ಟೀರಿಂಗಿನ ಪಕ್ಕದಲ್ಲಿದೆ. ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ.

ಚಾದರಘಾಟ್, ಕೋಠಿ ದಾಟಿ ಗೌಲಿಗುಡಕ್ಕೆ ಬಂದಾಗ ಕಾಕಾ ಕಾರು ನಿಧಾನ ಮಾಡಿದರು. ‘ಇಲ್ಲೇ ಇಳೀತಿದ್ವಿ ನಾವು, ಬೀದರ ಬಸ್ಸಿನಿಂದ’ ಎಂದು ಕೈ ತೋರಿಸಿದರು. ನಿಜಾಮರ ಕಾಲದಲ್ಲಿ ಇಲ್ಲಿ ಅರ್ಧ ಕೊಳವೆಯಂತಹ ದೊಡ್ಡ ಉಕ್ಕಿನ ಶೆಡ್ಡು ಇತ್ತು. ಬಸ್ ನಿಲ್ದಾಣವಾಗಿ ಹಲವು ತಲೆಮಾರುಗಳನ್ನು ಕಂಡ ಆ ಶೆಡ್ಡು 2018ರ ಜುಲೈಯಲ್ಲಿ ಕುಸಿದುಬಿತ್ತು.

ನಿಜಾಂ ಸಂಸ್ಥಾನ ತನ್ನ ರೈಲು ಇಲಾಖೆಯ ಅಂಗವಾಗಿ ಬಸ್ ಸೇವೆ ಆರಂಭಿಸಿದ್ದು 1932ರಲ್ಲಿ. ಆಗ ಇದ್ದದ್ದು 27 ಬಸ್ಸು, 166 ನೌಕರರು. ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸುಗಳು ಆ ಕಾಲದ ಗುರುತು. ಬೀದರ, ಗುಲಬರ್ಗಾ, ರಾಯಚೂರು ಆಗ ಇದೇ ಸಂಸ್ಥಾನದ ಕನ್ನಡ ಜಿಲ್ಲೆಗಳು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಮೂರೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದವು. ಊರು ಆ ಕಡೆ ಹೋಯಿತು, ನೌಕರಿ, ನೆಂಟಸ್ತಿಕೆ, ಆಸ್ಪತ್ರೆ ಈ ಕಡೆ ಉಳಿಯಿತು. ನಮ್ಮಲ್ಲಿ ಎಷ್ಟೋ ಮನೆಗಳ ಕಥೆ ಇದೇ ಅಲ್ಲವೇ?

ನಮ್ಮ ಬಾನುಲಿಯ ಕಥೆಯೂ ಇದೇ ಕಾಲದ್ದು. ನಿಜಾಂ ಸರ್ಕಾರದ ಡೆಕ್ಕನ್ ರೇಡಿಯೋ 1935ರ ಫೆಬ್ರವರಿ 3ರಂದು ಪ್ರಸಾರ ಆರಂಭಿಸಿತು. 1950ರ ಏಪ್ರಿಲ್ 1ರಂದು ಭಾರತ ಸರ್ಕಾರ ಅದನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಬಸ್ಸು, ರೇಡಿಯೋ ಎರಡೂ ಈ ನಾಡಿಗೆ ಜೊತೆಜೊತೆಯಾಗಿಯೇ ಬಂದವು ಎನ್ನಬಹುದು.

ಮೂಸಿಯ ದಂಡೆಯಲ್ಲಿ ವಿಶ್ವೇಶ್ವರಯ್ಯನವರು

ಅಫ್ಜಲ್‌ಗಂಜ್ ಬಂತು. ಎಡಕ್ಕೆ ಮೂಸಿ ನದಿ. ಇಂದು ಅದನ್ನು ನೋಡಿದರೆ ಇದು ಊರನ್ನೇ ನುಂಗಿತ್ತು ಎಂದು ನಂಬುವುದು ಕಷ್ಟ. 1908ರ ಸೆಪ್ಟೆಂಬರ್ 28ರಂದು ಉಕ್ಕಿದ ಮೂಸಿ ಸುಮಾರು 15,000 ಜನರನ್ನು ಬಲಿ ತೆಗೆದುಕೊಂಡಿತು. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರ ಹತ್ತಿ ಸುಮಾರು 150 ಜನ ಜೀವ ಉಳಿಸಿಕೊಂಡರು ಎಂದು ಊರು ಇಂದಿಗೂ ನೆನೆಯುತ್ತದೆ.

ಆಗ ಆಳುತ್ತಿದ್ದವರು ಆರನೆಯ ನಿಜಾಂ ಮಹಬೂಬ್ ಅಲಿ ಖಾನ್. ಮತ್ತೆ ಇಂತಹ ಅನಾಹುತ ಆಗದಂತೆ ದಾರಿ ತೋರಿಸಿ ಎಂದು ಅವರ ಸರ್ಕಾರ ಕರೆಸಿಕೊಂಡದ್ದು ನಮ್ಮ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಅವರು ಇಲ್ಲಿದ್ದು ನದಿಯ ಮೇಲ್ಭಾಗದಲ್ಲಿ ನೀರು ತಡೆಯುವ ಜಲಾಶಯಗಳನ್ನು ಕಟ್ಟಬೇಕೆಂದು, ನಗರಕ್ಕೆ ಒಳಚರಂಡಿ ಬೇಕೆಂದು ಯೋಜನೆ ಕೊಟ್ಟರು. ಅದೇ ವರ್ಷದ ಕೊನೆಗೆ ಮೈಸೂರಿನ ಮುಖ್ಯ ಎಂಜಿನಿಯರಾಗಿ ಹೊರಟರು. ಅವರ ಸಲಹೆಯ ಫಲವಾಗಿ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಈಸಿ ನದಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಜನ ಗಂಡಿಪೇಟೆ ಎನ್ನುವುದು ಆ ಉಸ್ಮಾನ್ ಸಾಗರಕ್ಕೇ. ನಾವು ಹೊರಟಿದ್ದು ಆ ಕಡೆಗೇ!

ಇಷ್ಟು ನನಗೆ ಗೊತ್ತಿತ್ತು. ಗೊತ್ತಿರದ ಇನ್ನೊಂದು ಸಂಗತಿಯನ್ನು ಕಾಕಾ ಹೇಳಿದರು. ‘ತಂಗಿ, ನೀ ಕೂತ ಈ ಕಾರಿನ ಹಿಂದೂ ಅವರ ಕೈ ಅದ.’

ಆಮೇಲೆ ಮನೆಗೆ ಬಂದು ಓದಿ ನೋಡಿದೆ. ಮಾತು ಸತ್ಯ. ಭಾರತದಲ್ಲಿಯೇ ಕಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಹಟ ಹಿಡಿದವರು ವಿಶ್ವೇಶ್ವರಯ್ಯನವರು ಮತ್ತು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಜನರಲ್ ಮೋಟರ್ಸ್ 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿತ್ತು ನಿಜ, ಆದರೆ ಬಿಡಿಭಾಗಗಳೆಲ್ಲ ಹಡಗಿನಲ್ಲಿ ಬರುತ್ತಿದ್ದವು. ವಿಶ್ವೇಶ್ವರಯ್ಯನವರು ಎಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಯೂರೋಪ್, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಮುಂಬಯಿ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರ ಬೆಂಬಲಿಸಿತು. ಆ ಸರ್ಕಾರ ಹೋದ ಮೇಲೆ ಮೈಸೂರು ಸಂಸ್ಥಾನ ಮುಂದೆ ಬಂತು. ಆದರೆ ಬ್ರಿಟಿಷ್ ಸರ್ಕಾರ ಒಪ್ಪಿಗೆ ಕೊಡಲಿಲ್ಲ. ಬೆಂಗಳೂರಿಗೆ ಕಾರಿನ ಕಾರ್ಖಾನೆ ಬರಲಿಲ್ಲ. ಅದೇ ವಾಲ್‌ಚಂದರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್ಎಎಲ್.

ಕಾರಿನ ಕನಸು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಕೈಗೂಡಿತು. ಮೊದಲು ಅಮೆರಿಕದ ಕ್ರೈಸ್ಲರ್ ಗಾಡಿಗಳು, 1950ರ ದಶಕದಲ್ಲಿ ಇಟಲಿಯ ಫಿಯೆಟ್. 1964ರಲ್ಲಿ 1100 ಡಿಲೈಟ್ ಬಂತು. 1974ರಿಂದ ಅದೇ ಕಾರಿಗೆ ಪದ್ಮಿನಿ ಎಂಬ ಹೆಸರು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಇಡೀ ದೇಶಕ್ಕೆ ಪರಿಚಯವಾದ ಪದ್ಮಿನಿಯ ಆ ಸೇವೆ 2023ರ ಅಕ್ಟೋಬರ್ 30ಕ್ಕೆ ಮುಗಿಯಿತು. ಅದರ ಜೊತೆಗಾರ ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತ್ತು.

ಹೊಳೆಗೆ ಅಣೆಕಟ್ಟು ಯೋಚಿಸಿದವರೇ ಕಾರನ್ನೂ ಯೋಚಿಸಿದರು. ನಾವು ಆ ಕಾರಿನಲ್ಲಿ ಕೂತು ಆ ಅಣೆಕಟ್ಟಿನ ಕಡೆ ಹೊರಟಿದ್ದೆವು. ಇದನ್ನು ತಿಳಿದ ಮೇಲೆ ಹಿಂದಿನ ಸೀಟಿನಲ್ಲಿ ನಾನು ಸ್ವಲ್ಪ ನೆಟ್ಟಗೆ ಕೂತೆ!

ಒದ್ದೆ ಬಟ್ಟೆಯ ವೈದ್ಯ

ಲಂಗರ್ ಹೌಸ್ ಬಳಿ ಕಾರು ಮಿಡುಕಿತು. ಒಮ್ಮೆ ಎಳೆಯಿತು, ಒಮ್ಮೆ ಬಿಟ್ಟಿತು, ನಿಂತೇಬಿಟ್ಟಿತು. ಹಿಂದೆ ಆಟೊಗಳ ಹಾರನ್ನು. ಕಾಕಾಗೆ ಗಡಿಬಿಡಿ ಇಲ್ಲ. ಬಾನೆಟ್ ಎತ್ತಿ, ಬಾಟಲಿಯ ನೀರಿನಲ್ಲಿ ಒಂದು ಹಳೆ ಪಂಚೆಯ ತುಂಡನ್ನು ನೆನೆಸಿ ಪೆಟ್ರೋಲ್ ಪಂಪಿಗೆ ಸುತ್ತಿದರು. ಎಂಜಿನ್ನಿನ ಕಾವಿಗೆ ಪೈಪಿನಲ್ಲಿಯೇ ಪೆಟ್ರೋಲು ಆವಿಯಾದರೆ ಪಂಪು ಎಳೆಯುವುದು ಬರೀ ಗಾಳಿಯನ್ನು. ತಂಪು ಮಾಡಿದರೆ ಆವಿ ಮತ್ತೆ ದ್ರವವಾಗುತ್ತದೆ. ಹತ್ತು ನಿಮಿಷ ಬಿಟ್ಟು ಸ್ವಿಚ್ ತಿರುಗಿಸಿದರೆ ಕಾರು ಹೊರಟೇಬಿಟ್ಟಿತು.

ಅಂದ ಹಾಗೆ ಹಳೆ ಕಾರಿನವರಿಗೆ ಈಗ ಇನ್ನೊಂದು ತಲೆನೋವು. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವುದು ಬಳಕೆಗೆ ಬಂತು. ಆ ಕಾಲದ ರಬ್ಬರು ಎಥನಾಲಿಗಾಗಿ ಮಾಡಿದ್ದಲ್ಲ. ಪೈಪು ಉಬ್ಬುತ್ತದೆ, ಬಿರಿಯುತ್ತದೆ. ಕಾಕಾ ಪೈಪು, ವಾಷರು ಎಲ್ಲ ಹೊಸ ಬಗೆಯವನ್ನು ಹಾಕಿಸಿದ್ದಾರೆ. ‘ನನಗ ಸಕ್ಕರೆ ಬಿಡಿಸ್ಯಾರ, ಇದಕ್ಕ ಕಬ್ಬಿನ ಸಾರಾಯಿ ಕುಡಿಸ್ತಾರ’ ಎಂದು ನಕ್ಕರು.

ಬಯಲಿನ ತುಂಬ ನೆನಪುಗಳು

ಪ್ರದರ್ಶನ ಗಂಡಿಪೇಟೆ ದಾರಿಯ ಒಂದು ಬಯಲಿನಲ್ಲಿ. ಶಾಮಿಯಾನದ ಮುಂದೆ ಸಾಲಾಗಿ ಕಾರುಗಳು. ಬಂಪರಿನಲ್ಲಿ ಮುಖ ನೋಡಿಕೊಳ್ಳಬಹುದಾದ ಷೆವ್ರೊಲೆ, ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್, ಯುದ್ಧಕಾಲದ ವಿಲ್ಲೀಸ್ ಜೀಪು, ಅಂಬಾಸಡರಿನ ಅಣ್ಣ ಲ್ಯಾಂಡ್‌ಮಾಸ್ಟರ್. ಮಕ್ಕಳು ಕಿಟಕಿ ತಿರುಗಿಸುವ ಹಿಡಿಕೆ ಕಂಡು ‘ಇದೇನು?’ ಎಂದು ಕೇಳುತ್ತಿದ್ದವು. ಒಬ್ಬ ಅಜ್ಜ ಹೆರಾಲ್ಡಿನ ಬಾಗಿಲು ಸವರುತ್ತ ಸುಮ್ಮನೆ ನಿಂತಿದ್ದರು. ಅವರ ಬಳಿ ನಾನು ಏನೂ ಕೇಳಲಿಲ್ಲ.

ತೀರ್ಪುಗಾರರು ಬಂದರು. ಕಾರು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇದೆಯೇ ಎಂಬುದೇ ಅವರ ಅಳತೆಗೋಲು. ಬಣ್ಣ, ಬೋಲ್ಟು, ಗಾಜು, ಸೀಟಿನ ಬಟ್ಟೆ ಎಲ್ಲಕ್ಕೂ ಅಂಕ. ಕಾಕಾನ ಕಾರಿನ ಹಾರನ್ನು ಬೇರೆ ಕಂಪನಿಯದು. ಸೀಟಿನ ಹೊದಿಕೆ ಬೀದರಿನ ದರ್ಜಿ ಹೊಲಿದದ್ದು. ಎಡಗಡೆಯ ಬಾಗಿಲು 1987ರಲ್ಲಿ ಎತ್ತಿನ ಗಾಡಿಯ ಮೂಕಿ ತಗುಲಿ ಬದಲಾದದ್ದು. ‘ಚೆನ್ನಾಗಿ ಇಟ್ಟಿದ್ದೀರಿ ಸರ್, ಆದರೆ ಮೂಲ ರೂಪ ಉಳಿದಿಲ್ಲ’ ಎಂದು ವಿನಯದಿಂದಲೇ ಹೇಳಿ ಮುಂದೆ ಹೋದರು. ಬಹುಮಾನ ಬರಲಿಲ್ಲ.

ಬಹುಮಾನದ ಬದಲು ಒಂದು ಬೇಡಿಕೆ ಬಂತು. ಹೋಟೆಲು ನಡೆಸುವ ಒಬ್ಬರು ಕಾರಿನ ಸುತ್ತ ಎರಡು ಸುತ್ತು ಹಾಕಿ, ‘ನಮ್ಮ ಹಾಲಿನಲ್ಲಿ ಇಡುತ್ತೇವೆ, ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಒಳ್ಳೆ ಬೆಲೆ ಕೊಡುತ್ತೇನೆ. ಎಂಜಿನ್ ಬೇಕಿಲ್ಲ, ನೀವೇ ಇಟ್ಟುಕೊಳ್ಳಿ’ ಎಂದರು. ಕಾಕು ನನ್ನ ಮುಖ ನೋಡಿದರು. ಪುಣೆಯಲ್ಲಿರುವ ಮಗ ಒಂದು ವರ್ಷದಿಂದ ‘ಕೊಟ್ಟುಬಿಡ್ರಿ ಅಪ್ಪಾ, ಈ ವಯಸ್ಸಿನಾಗ ಅದನ್ನ ನೂಕ್ಕೋತ ಅಡ್ಡಾಡಬ್ಯಾಡ್ರಿ’ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಾರಂತೆ. ಮಗನ ಮಾತಿನಲ್ಲಿ ಕಾಳಜಿಯೂ ಇದೆ, ತಪ್ಪೂ ಇಲ್ಲ.

ಕಾನೂನು ಏನು ಹೇಳುತ್ತದೆ?

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಇರುವ, ಹೆಚ್ಚು ಬದಲಾವಣೆ ಆಗದ ವಾಹನ ಈ ವರ್ಗಕ್ಕೆ ಸೇರಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅದು 10 ವರ್ಷಕ್ಕೆ. ನಂತರದ ಮರುನೋಂದಣಿಗೆ 5,000 ರೂಪಾಯಿ. ಹೊಸದಾಗಿ ನೋಂದಣಿ ಆಗುವ ಗಾಡಿಯ ಫಲಕದಲ್ಲಿ ‘ವಿಎ’ ಅಕ್ಷರ ಇರುತ್ತದೆ, ಮೊದಲೇ ನೋಂದಣಿ ಆದವು ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಒಂದು ಷರತ್ತು. ಇಂತಹ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು.

ಈ ವರ್ಗ ಬೇಡವೆಂದರೆ ಮಾಮೂಲಿ ದಾರಿ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲಿನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು.

ಕಾಕಾನ ನವೀಕರಣದ ಗಡುವು ಹತ್ತಿರ ಬಂದಿತ್ತು. ವಿಂಟೇಜ್ ಎನಿಸಿಕೊಂಡರೆ ಗೌರವ, ಆದರೆ ಗುರುವಾರ ಕಾಕುವನ್ನು ರಾಯರ ಮಠಕ್ಕೆ ಕರೆದೊಯ್ಯುವಂತಿಲ್ಲ, ಮಾರ್ಕೆಟ್ಟಿನಿಂದ ತರಕಾರಿ ತರುವಂತಿಲ್ಲ. ಮಾಮೂಲಿಯಾಗಿ ಉಳಿದರೆ ಖರ್ಚು, ಅಲೆದಾಟ, ವಯಸ್ಸು. ಮಾರಿದರೆ ಹೋಟೆಲಿನ ಹಾಲು. ಮೂರು ದಾರಿ, ಮೂರರಲ್ಲೂ ಏನೋ ಒಂದನ್ನು ಬಿಡಬೇಕು.

356 ಮೈಲಿಯ ರೋಲ್ಸ್ ರಾಯ್ಸ್

ಬುತ್ತಿ ಬಿಚ್ಚಿ ಊಟ ಮಾಡಿ ಮಧ್ಯಾಹ್ನ ಹೊರಟೆವು. ‘ಇಷ್ಟು ಬಂದೀವಿ, ದೊಡ್ಡ ಕಾರನ್ನೂ ನೋಡೇ ಹೋಗೂಣು’ ಎಂದು ಕಾಕಾ ಪುರಾನಾಪುಲ್ ಮೇಲೆ ಮೂಸಿ ದಾಟಿಸಿ ಚಾರ್‌ಮಿನಾರ್ ಬಳಿಯ ಚೌಮಹಲ್ಲಾ ಅರಮನೆಗೆ ಕರೆತಂದರು. ನಿಜಾಮರ ಈ ಅರಮನೆ ದುರಸ್ತಿಯಾಗಿ 2005ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 2010ರಲ್ಲಿ ಯುನೆಸ್ಕೊ ಮನ್ನಣೆಯೂ ಬಂತು.

ಅಲ್ಲಿ ನಿಂತಿದೆ ಆ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್. ಮೂಸಿಯ ಪ್ರವಾಹ ಕಂಡ ಅದೇ ಮಹಬೂಬ್ ಅಲಿ ಖಾನರು ಮಾಡಿಸಲು ಹೇಳಿದ ಕಾರು. ಅದರ ಮೈಕಟ್ಟನ್ನು ಕಟ್ಟಿದವರು ಲಂಡನ್ನಿನ ಬಾರ್ಕರ್ ಕಂಪನಿಯವರು. ಹಿಂದಿನ ಆಸನ ಸಿಂಹಾಸನದಂತೆ ಎತ್ತರ, ಮೇಲೆ ಗುಮ್ಮಟದಂತಹ ಚಾವಣಿ. ಆದರೆ 1911ರ ಆಗಸ್ಟಿನಲ್ಲಿ ಮಹಬೂಬ್ ಅಲಿ ಖಾನರು ತೀರಿಕೊಂಡರು. ಕಾರು ಬಂದದ್ದು ಆಮೇಲೆ. ಮಾಡಿಸಿದವರು ಅದರಲ್ಲಿ ಕೂರಲೇ ಇಲ್ಲ. ಮಗ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ವಿಶೇಷ ಸಂದರ್ಭಗಳಿಗೆ ಮಾತ್ರ ಹೊರಬರುತ್ತಿತ್ತು. ದಶಕಗಳು ಕಳೆದ ಮೇಲೂ ಅದರ ಮೀಟರು ತೋರಿಸುತ್ತಿದ್ದದ್ದು ಬರೀ 356 ಮೈಲಿ ಎನ್ನುತ್ತಾರೆ.

ಕಾಕಾ ಬಹಳ ಹೊತ್ತು ನೋಡಿದರು. ಮೈಲಿಯ ಲೆಕ್ಕ ಹೇಳಿದಾಗ ಮಾತ್ರ ತಿರುಗಿದರು.

‘ಮುನ್ನೂರ ಐವತ್ತಾರು? ಅಷ್ಟು ನಮ್ಮಪ್ಪ ಒಂದು ಪ್ಲೇಗಿನ ಇಂಜೆಕ್ಷನ್ನಿನ ವಾರದಾಗ ತಿರುಗ್ತಿದ್ದ.’

‘ಪ್ಲೇಗು ಅಲ್ರಿ, ಕಾಲರಾ’ ಎಂದು ಕಾಕು ತಿದ್ದಿದರು.

‘ಹಾಂ, ಕಾಲರಾ. ಯಾವುದಾದ್ರೂ ಇರಲಿ. ನಮ್ಮ ಮೀಟರು ಒಂಬತ್ತು ಒಂಬತ್ತು ಮುಗಿಸಿ ಮೂರು ಸಲ ಸೊನ್ನೆಗೆ ಬಂದದ ತಂಗಿ. ಆ ದರ್ಜಿ ಹೊಲಿದ ಸೀಟಿನ ಮ್ಯಾಲೆ ಇಬ್ಬರು ಮಕ್ಕಳು ಹುಟ್ಯಾವ. ಮೂಲ ರೂಪ ಉಳಿದಿಲ್ಲಂತ. ಉಳೀಬೇಕಂದ್ರ ಓಡಬಾರದಿತ್ತು.’

ಕಾಕಾ ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಆ ಹಳದಿ ಕಾರನ್ನು ಉಳಿಸಿದ್ದು ಒಳ್ಳೆಯದೇ, ಅದನ್ನು ಉಳಿಸದಿದ್ದರೆ ನಾವು ನೋಡುವುದು ಹೇಗೆ? ಆದರೆ ಅದು ಒಬ್ಬ ದೊರೆಯ ಇತಿಹಾಸ. ಕಾಕಾನ ಕಾರಿನ ಬದಲಾದ ಬಾಗಿಲು, ಬೇರೆ ಹಾರನ್ನು, ಬೀದರ ದರ್ಜಿಯ ಹೊಲಿಗೆ ನಮ್ಮಂಥವರ ಇತಿಹಾಸ. ತೀರ್ಪುಗಾರರ ಹಾಳೆಯಲ್ಲಿ ಅಂಕ ಕಳೆದ ಜಾಗಗಳೇ ಅದರ ಪುಟಗಳು ಎಂದು ನನಗೆ ಅನ್ನಿಸಿತು.

ಮದೀನಾದ ಬಳಿ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು ಮುಗಿಸಿ ನಯಾಪುಲ್ ದಾಟುವಾಗ ಸಂಜೆ. ಕೆಳಗೆ ಮೂಸಿ. ಕಾಕಾ ನಿರ್ಧಾರ ಹೇಳಿದ್ದು ಅಲ್ಲಿಯೇ. ‘ಇನ್ನೊಂದು ಐದು ವರ್ಷಕ್ಕ ನವೀಕರಣ ಮಾಡಿಸ್ತೀನಿ. ದೂರದ ಊರು ಬಿಡ್ತೀನಿ, ರಾತ್ರಿ ಓಡಿಸೋದು ಬಿಡ್ತೀನಿ. ಮಗನಿಗೆ ಇಷ್ಟು ಮಾತು ಕೊಡ್ತೀನಿ. ಆಮ್ಯಾಲೆ ನನ್ನ ಕೈ ನಡುಗಿದ್ರ ಅವನಿಗೇ ಕೊಡ್ತೀನಿ, ಏನಾದ್ರೂ ಮಾಡಲಿ.’

‘ಅಲ್ಲೀ ತನಕ ಗುರುವಾರ?’ ಎಂದರು ಕಾಕು.

‘ಅಲ್ಲೀ ತನಕ ಗುರುವಾರ ಮಠಕ್ಕ ಇದೇ.’

ಕಾಚಿಗುಡ ಮುಟ್ಟಿದಾಗ ಏಳು ಗಂಟೆ. ಕಾಕಾ ಕಾರು ನಿಲ್ಲಿಸಿ ಬಾನೆಟ್ ಎತ್ತಿದರು. ಪಂಪಿಗೆ ಸುತ್ತಿದ ಪಂಚೆಯ ತುಂಡು ಒಣಗಿ ಗರಿಗರಿಯಾಗಿತ್ತು. ಬಿಚ್ಚಿ, ಝಾಡಿಸಿ, ಮಡಿಸಿ ಡಿಕ್ಕಿಯಲ್ಲಿ ಎಂವೈ ಫಲಕದ ಪಕ್ಕ ಇಟ್ಟರು.

ಕೇಳುಗ ಮಿತ್ರರೆ, ನಿಮ್ಮ ಮನೆಯಲ್ಲೂ ಇಂತಹ ಒಂದು ಗಾಡಿ ಇರಬಹುದು. ಸೈಕಲ್ಲೋ, ಸ್ಕೂಟರೋ, ಎತ್ತಿನ ಬಂಡಿಯೋ. ಅದು ಎಲ್ಲಿಂದ ಬಂತು, ಯಾರನ್ನು ಎಲ್ಲಿಗೆ ಮುಟ್ಟಿಸಿತು ಎಂದು ನಮಗೆ ಬರೆಯಿರಿ. ಅವಧಿಯ ಕೊನೆಯಲ್ಲಿ ಓದುತ್ತೇವೆ. ಕಾಚಿಗುಡದ ಡ್ಯಾಶ್‌ಬೋರ್ಡಿನ ಮೇಲಿನ ಟ್ರಾನ್ಸಿಸ್ಟರ್ ಅಂತೂ ಕೇಳುತ್ತಲೇ ಇರುತ್ತದೆ.